ಮಂಗಳೂರಿನಿಂದ ಮಾಸುಂದಾ ತಲಾವಿನವರೆಗೆ: ನೀರಂಚಿನ ಕೀಟಗಳ ಚರಿತ್ರೆ

ಮಂಗಳೂರಿನ ಹಳೆಯ ಮುದ್ರಣದ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು 1894ರ ಕಿಟ್ಟೆಲ್ ನಿಘಂಟು. ಅದಕ್ಕೂ 21 ವರ್ಷ ಮೊದಲು, 1873ರಲ್ಲಿ, ಅದೇ ಊರಿನಿಂದ 'ದಿ ರಾಡ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಗ್ರಂಥವೊಂದು ಹೊರಬಂದಿತ್ತು. ಅದನ್ನು ಬರೆದವರು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್. ವಿಷಯ, ಗಾಳ ಹಾಕಿ ಮೀನು ಹಿಡಿಯುವ ಕಲೆ. ಕಾಸರಗೋಡೂ ಆಗ ಅದೇ ಜಿಲ್ಲೆಯ ಭಾಗ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಹಿರಿಯರು ಆ ಹೊಳೆಗಳ ದಡದವರೇ ಆದುದರಿಂದ ಈ ಚರಿತ್ರೆ ನಮಗೆ ದೂರದ್ದಲ್ಲ.

ಆಂಗ್ಲರ ಈ ಹವ್ಯಾಸದಲ್ಲಿ ಎರೆಹುಳುವಿನ ಬದಲು ಗರಿ, ನೂಲುಗಳಿಂದ ಕಟ್ಟಿದ ಕೃತಕ ನೊಣವನ್ನು ಗಾಳಕ್ಕೆ ಸಿಕ್ಕಿಸುವ ಒಂದು ಪದ್ಧತಿಯುಂಟು. ಮೀನು ಮೋಸಹೋಗಬೇಕಾದರೆ ಆ ಹೊತ್ತಿಗೆ ನೀರಿನ ಮೇಲೆ ಹಾರುತ್ತಿರುವ ಕೀಟ ಯಾವುದೆಂದು ತಿಳಿದಿರಬೇಕು. ಹೀಗಾಗಿ ಬೇಟೆಗಾರನು ಕೀಟಶಾಸ್ತ್ರಿಯೂ ಆಗಬೇಕಾಯಿತು. 1836ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ರೊನಾಲ್ಡ್ಸ್ ನಿಜವಾದ ಕೀಟವನ್ನೂ ಅದರ ನಕಲನ್ನೂ ಬಣ್ಣದ ಚಿತ್ರಗಳಲ್ಲಿ ಜೊತೆಜೊತೆಯಾಗಿ ತೋರಿಸಿದ ಪುಸ್ತಕವು ಈ ವಿದ್ಯೆಗೆ ಬುನಾದಿಯಾಯಿತು.

ಥಾಮಸರ ಕಾಳಜಿ ಬೇಟೆಗಷ್ಟೇ ಸೀಮಿತವಾಗಿರಲಿಲ್ಲ. ದಕ್ಷಿಣ ಕನ್ನಡದ ಮತ್ಸ್ಯಸಂವರ್ಧನೆಯ ಬಗ್ಗೆ 1870ರಲ್ಲೇ ವರದಿ ಸಿದ್ಧಪಡಿಸಿದ್ದ ಅವರು, ಹೊಳೆಗೆ ವಿಷ ಬೆರೆಸುವುದನ್ನೂ ಮರಿಗಳನ್ನು ಬಾಚುವ ಸಣ್ಣ ಕಣ್ಣಿನ ಬಲೆಗಳನ್ನೂ ವಿರೋಧಿಸಿದರು. 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ವಿಷ, ಸ್ಫೋಟಕಗಳ ಬಳಕೆಯನ್ನು ಅಪರಾಧವೆಂದು ಸಾರಿತು.

ಇನ್ನೊಂದು ಎಳೆ ಕೊಡಗನ್ನೂ ಮುಂಬಯಿಯನ್ನೂ ಬೆಸೆಯುತ್ತದೆ. ಸೇನಾವೈದ್ಯ ಎಫ್. ಸಿ. ಫ್ರೇಸರ್ ಪಶ್ಚಿಮಘಟ್ಟದ ತೊರೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಹುಡುಕಿ, 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸರಣಿ ಲೇಖನಗಳನ್ನು ಬರೆದರು. 1933ರಿಂದ 1936ರವರೆಗೆ ಅವರ ಮೂರು ಸಂಪುಟಗಳು ಪ್ರಕಟವಾದವು. 1923ರಲ್ಲಿ ಅವರು ವರ್ಣಿಸಿದ ಒಂದು ಪ್ರಭೇದದ ಹೆಸರು 'ಗೊಂಫಿಡಿಯಾ ಕೊಡಗುಯೆನ್ಸಿಸ್'; ನಮ್ಮ ನಾಡಿನ ಹೆಸರು ಲ್ಯಾಟಿನ್ ವೇಷದಲ್ಲಿ ಉಳಿದುಕೊಂಡಿದೆ.

ಈ ಕೀಟಗಳನ್ನು ಗುರುತಿಸಲು ರೆಕ್ಕೆಯ ಭಂಗಿಯೇ ಮೊದಲ ಸುಳಿವು. ಕುಳಿತಾಗ ರೆಕ್ಕೆಗಳನ್ನು ದೋಣಿಯ ಹಾಯಿಯಂತೆ ನೆಟ್ಟಗೆ ನಿಲ್ಲಿಸಿ, ಹಿಂದೆ ಎರಡೋ ಮೂರೋ ನೀಳ ಎಳೆಗಳನ್ನು ಚಾಚಿದ್ದರೆ ಅದು ಮೇಫ್ಲೈ. ಪ್ರೌಢಾವಸ್ಥೆಯಲ್ಲಿ ಇದು ಏನನ್ನೂ ತಿನ್ನದು. ಆಯುಸ್ಸೂ ಹೆಚ್ಚೆಂದರೆ ಕೆಲವೇ ದಿನ. ರೋಮಭರಿತ ರೆಕ್ಕೆಗಳನ್ನು ಹೆಂಚಿನ ಮಾಡಿನಂತೆ ಇಳಿಜಾರಾಗಿ ಮಡಚಿದ್ದರೆ ಕ್ಯಾಡಿಸ್. ಇದರ ಅನೇಕ ಪ್ರಭೇದಗಳ ಮರಿಹುಳ ನೀರಿನೊಳಗೆ ಮರಳು, ಕಡ್ಡಿಚೂರುಗಳಿಂದ ಗೂಡು ಕಟ್ಟಿಕೊಂಡು ಅದನ್ನು ಹೊತ್ತು ತಿರುಗುತ್ತದೆ. ಬೆನ್ನ ಮೇಲೆ ರೆಕ್ಕೆಗಳನ್ನು ಚಪ್ಪಟೆಯಾಗಿ ಹಾಸಿಕೊಳ್ಳುವ ಸ್ಟೋನ್‌ಫ್ಲೈ ಶುಭ್ರವಾದ ಹರಿಯುವ ನೀರನ್ನೇ ಬಯಸುತ್ತದೆ. ರೆಕ್ಕೆ ಹರಡಿ ಕೂರುವುದು ಏರೋಪ್ಲೇನ್ ಚಿಟ್ಟೆ. ಅದರ ಸಣಕಲು ಬಂಧು ಸಾಮಾನ್ಯವಾಗಿ ರೆಕ್ಕೆ ಮಡಚಿ ಕೂರುತ್ತದೆ.

ಇಂದು ಈ ವಿದ್ಯೆಯ ಪ್ರಯೋಜನ ಗಾಳಗಾರನಿಗಷ್ಟೇ ಅಲ್ಲ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಗಳ ಮರಿಹುಳಗಳು ಎಷ್ಟು ಬಗೆಯವು ಸಿಗುತ್ತವೆ ಎಂಬುದರಿಂದ ವಿಜ್ಞಾನಿಗಳು ತೊರೆಯ ನೀರಿನ ಆರೋಗ್ಯವನ್ನು ಅಳೆಯುತ್ತಾರೆ. ಕೊಳೆ ಸೇರಿ ಆಮ್ಲಜನಕ ಕುಗ್ಗಿದಾಗ ಇವುಗಳಲ್ಲಿ ಹೆಚ್ಚಿನವು ಮೊದಲೇ ಮರೆಯಾಗುತ್ತವೆ. ಕೆರೆಗಳ ನಗರವೆನಿಸಿದ ಠಾಣೆಯ ಮಾಸುಂದಾ, ಉಪವನ ತಲಾವುಗಳನ್ನೂ ಕಲ್ಯಾಣದ ಬಳಿಯ ಉಲ್ಹಾಸ್ ನದಿಯನ್ನೂ ಈ ದೃಷ್ಟಿಯಿಂದ ನೋಡಬೇಕು. ಏರೋಪ್ಲೇನ್ ಚಿಟ್ಟೆಯ ಮರಿಹುಳ ಸೊಳ್ಳೆಯ ಮರಿಗಳನ್ನು ತಿಂದು ಬೆಳೆದು, ಕೊನೆಗೆ ನೀರಂಚಿನ ಜೊಂಡನ್ನೋ ಕಲ್ಲನ್ನೋ ಏರಿ ಪೊರೆ ಕಳಚುತ್ತದೆ. ದಡಕ್ಕೆ ನುಣುಪಾದ ಕಾಂಕ್ರೀಟ್ ಹೊದಿಸಿ ಜೊಂಡನ್ನು ಕಿತ್ತರೆ ಅದು ಏರುವ ಮೆಟ್ಟಿಲನ್ನೇ ಕಿತ್ತಂತೆ.

ಥಾಮಸ್, ಫ್ರೇಸರ್ ಬರೆದದ್ದು ಇಂಗ್ಲಿಷಿನಲ್ಲಿ. ಅದೇ ಹೊಳೆಗಳಲ್ಲಿ ತಲೆಮಾರುಗಳಿಂದ ಬಲೆ ಬೀಸಿದವರ ತಿಳಿವಳಿಕೆ ಬಾಯಿಮಾತಿನಲ್ಲೇ ಉಳಿಯಿತು. ಮೇಫ್ಲೈ, ಕ್ಯಾಡಿಸ್‌ಗಳಿಗೆ ನಾವು ಪರಭಾಷೆಯ ಹೆಸರನ್ನೇ ಬಳಸಬೇಕಾಗಿರುವುದು ಅದರ ಫಲ. ಮಳೆ ನಿಂತ ವಾರಗಳಲ್ಲಿ ನಮ್ಮ ಮಕ್ಕಳನ್ನು ಕೆರೆಯಂಚಿಗೆ ಕರೆದೊಯ್ಯೋಣ. ಅಲ್ಲಿ ಕಂಡ ಹುಳಕ್ಕೆ ಊರಿನಲ್ಲಿ ಏನೆನ್ನುತ್ತಿದ್ದರೆಂದು ಮನೆಯ ಅಜ್ಜ, ಅಜ್ಜಿಯರನ್ನು ಕೇಳಿ, ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಆ ಹೆಸರನ್ನು ಬರೆದಿಡೋಣ. ನೂರೈವತ್ತು ವರ್ಷಗಳ ಹಿಂದೆ ಮಂಗಳೂರಿನ ಪುಸ್ತಕದೊಳಗೆ ಸೇರದೆಹೋದ ಪುಟಗಳನ್ನು ಬರೆಯುವ ಕೆಲಸ ನಮಗೆ ಉಳಿದಿದೆ.