ತಂಗಡಿ ತೊಗಟೆ ಮತ್ತು ದಕ್ಷಿಣ ಭಾರತದ ತೊಗಲುದ್ಯಮ

ಬಯಲುಸೀಮೆಯ ಬೀಳುಭೂಮಿಯಲ್ಲಿ, ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಗೆ ಆವರಿಕೆ ಎಂಬ ಹೆಸರೂ ಉಂಟು. ಬಟಾಣಿ, ಅವರೆಗಳ ಕುಟುಂಬಕ್ಕೇ ಸೇರಿದ ಗಿಡವಿದು. ಹೂ ಮಾತ್ರ ಅವುಗಳಂತೆ ಚಿಟ್ಟೆಯ ಆಕಾರದ್ದಲ್ಲ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯಾ ಕುಲದಲ್ಲಿಟ್ಟ. ರಾಕ್ಸ್‌ಬರ್ಗ್ ಸೆನ್ನಾ ಕುಲಕ್ಕೆ ಸೇರಿಸಿದ. ಕುಲನಾಮದ ಈ ಚರ್ಚೆಗಿಂತ ಇದರ ತೊಗಟೆಯ ಚರಿತ್ರೆ ಹೆಚ್ಚು ಸ್ವಾರಸ್ಯದ್ದು.

ಮದ್ರಾಸಿನ ಚರ್ಮೋದ್ಯಮದ ಕಥೆಯನ್ನು ಸಾಮಾನ್ಯವಾಗಿ 1840ರ ಸುಮಾರಿಗೆ ಚಾರ್ಲ್ಸ್ ಡಿ ಸೂಸಾ ಎಂಬವನು ಸುಧಾರಿತ ಹದಗಾರಿಕೆ ತಂದಲ್ಲಿಂದ ಶುರುಮಾಡುತ್ತಾರೆ. ಈ ಆರಂಭವನ್ನು ಒಪ್ಪುವುದು ಕಷ್ಟ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾದಿಗರು ತೊಗಲು ಹದಮಾಡುವ ಕ್ರಮವನ್ನು ವಿವರಿಸಿದ್ದಾನೆ. ಅದರಲ್ಲಿ ತಂಗಡಿ, ಜಾಲಿ ತೊಗಟೆಗಳ ಉಲ್ಲೇಖವಿದೆ. ಅವನ ಪ್ರವಾಸಕಥನ ಅಚ್ಚಾದದ್ದು 1807ರಲ್ಲಿ. ಹಾಗಾಗಿ ಡಿ ಸೂಸಾ ತಂದದ್ದು ಸುಧಾರಣೆಯೇ ಹೊರತು ಮೂಲವಿದ್ಯೆಯಲ್ಲ. ಆ ವಿದ್ಯೆ ಅದಾಗಲೇ ಊರ ಹೊರಗಿನ ಕೇರಿಗಳಲ್ಲಿತ್ತು. ರಫ್ತು ಲೆಕ್ಕದ ಪುಸ್ತಕಗಳು ಆ ಕೇರಿಗಳತ್ತ ನೋಡಲಿಲ್ಲ, ಅಷ್ಟೆ.

ತಂಗಡಿಯಲ್ಲಿ ಹದವಾದ ತೊಗಲು ತಿಳಿಬಣ್ಣದ್ದು, ಮೆತ್ತಗಿನದು. ಬಿಸಿಲಿಗೆ ಕೆಂಪೇರುವುದೊಂದೇ ದೋಷ. ಅದನ್ನು ತಗ್ಗಿಸಲು ಕೊನೆಯಲ್ಲಿ ಅಳಲೆಕಾಯಿ ರಸದಲ್ಲಿ ಅದ್ದುತ್ತಿದ್ದರು. ಹೀಗೆ ಅರೆಹದವಾದ ತೊಗಲು ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಬಣ್ಣ, ಹೊಳಪು ಪಡೆಯುತ್ತಿತ್ತು.

ಹಾಗಾದರೆ ತಂಗಡಿ ಹಿಂದೆ ಬಿದ್ದದ್ದೇಕೆ? ಗುಣದಲ್ಲಿ ಸೋತು ಅಲ್ಲ. ತಾನಾಗಿ ಬೆಳೆದ ಪೊದೆಗಳಿಂದ ಕೂಲಿಗಳು ಸುಲಿದು ತರುವ ತೊಗಟೆಯನ್ನೇ ನೆಚ್ಚಿಕೊಂಡು ಕಾರ್ಖಾನೆ ನಡೆಸುವುದು ಕಷ್ಟವಾಯಿತು. ದಕ್ಷಿಣ ಆಫ್ರಿಕದ ನಟಾಲ್‌ನ ತೋಪುಗಳಿಂದ ಬಂದ ವಾಟಲ್ ತೊಗಟೆಯಲ್ಲಿ ಟ್ಯಾನಿನ್ ಅಂಶವೂ ಹೆಚ್ಚಿತ್ತು. ಆಸ್ಟ್ರೇಲಿಯಾ ಮೂಲದ ಈ ವಾಟಲ್ ಕೂಡ ತಂಗಡಿಯ ಕುಟುಂಬದ್ದೇ. ದಾಯಾದಿಯೇ ದಾಯಾದಿಯ ಜಾಗ ಹಿಡಿದಂತಾಯಿತು. ಇತ್ತ ಆಲ್ಫ್ರೆಡ್ ಚಾಟರ್ಟನ್ 20ನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ತೊಗಟೆಯೇ ಬೇಡದ ಕ್ರೋಮ್ ಹದವನ್ನು ಬಳಕೆಗೆ ತಂದ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾದವನೂ ಇವನೇ.

ವರ್ಣಭೇದದ ವಿರುದ್ಧ 1946ರಲ್ಲಿ ಭಾರತ ದಕ್ಷಿಣ ಆಫ್ರಿಕದೊಂದಿಗಿನ ವ್ಯಾಪಾರ ನಿಲ್ಲಿಸಿತು. ಆಗಲೂ ಯಾರೂ ತಂಗಡಿಗೆ ಹಿಂದಿರುಗಲು ಮನಸ್ಸು ಮಾಡಲಿಲ್ಲ. ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳಲ್ಲಿ ವಾಟಲ್ ತೋಪುಗಳನ್ನೇ ಹೆಚ್ಚಿಸಲಾಯಿತು. ಆ ವಾಟಲ್ ಇಂದು ಶೋಲಾ ಕಾಡಿನ ನಡುವಣ ಹುಲ್ಲುಗಾವಲುಗಳನ್ನು ಆಕ್ರಮಿಸಿರುವ ಕಳೆ. ಅದನ್ನು ಕಡಿದು ತೆಗೆಯುವ ಕೆಲಸ ಅರಣ್ಯ ಇಲಾಖೆಯ ಪಾಲಿಗೆ ಬಂದಿದೆ.