ಟಗರುಕೊಂಬಿನ ಹ್ಯಾಂಡಲ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕಕ್ಕೆ ಇವು ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕಕ್ಕೆ ಮಾತ್ರ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಡಲೆಕಾಯಿ, ರಾಗಿ, ಕುರಿಮಂದೆಗಳ ಈ ಸೀಮೆಗೆ ಬಹುಕಾಲ ರೈಲು ಬರಲಿಲ್ಲ. ಪಾವಗಡದವರು ರೈಲು ಹತ್ತಲು ಹಿಂದೂಪುರಕ್ಕೆ, ಮಧುಗಿರಿಯವರು ಗೌರಿಬಿದನೂರಿಗೋ ತುಮಕೂರಿಗೋ ಹೋಗಬೇಕಿತ್ತು. ಬಸ್ಸೂ ಮುಟ್ಟದ ಹಳ್ಳಿಗಳಿಗೆ ಸೈಕಲ್ಲೇ ಗತಿ.

ಆ ಸೈಕಲ್ಲಿನ ರೂಪ ಇಂಗ್ಲೆಂಡಿನದು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಹರ್ಕ್ಯುಲಿಸ್ ತಯಾರಿಸಿತು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಬಂದವು. ಹೆಸರು ಬೇರೆಯಾದರೂ ಮೈಕಟ್ಟು ಒಂದೇ: 28 ಇಂಚಿನ ಗಾಲಿ, ಕಪ್ಪು ಬಣ್ಣ, ಹಿಂದೆ ಗಟ್ಟಿ ಕ್ಯಾರಿಯರ್, ಸವಾರನ ಕಡೆಗೆ ಬಾಗಿದ ಅಗಲ ಹ್ಯಾಂಡಲ್. ಹಾಲಿನ ಕ್ಯಾನು, ಮೇವಿನ ಹೊರೆ, ಕ್ಯಾರಿಯರ್ ಮೇಲೊಬ್ಬರು, ಮುಂದಿನ ಪೈಪಿನ ಮೇಲೊಂದು ಮಗು. ಇಷ್ಟನ್ನೂ ಹೊತ್ತು ಮೆಲ್ಲಗೆ ಸಾಗುವವನಿಗೆ ನೆಟ್ಟಗೆ ಕೂರಿಸುವ ಆ ಹ್ಯಾಂಡಲ್ಲೇ ಸರಿ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತ ಹುಡುಗರೂ ಹಿಡಿದದ್ದು ಅದನ್ನೇ.

ರೇಸ್ ಸೈಕಲ್ಲಿನ ಹ್ಯಾಂಡಲ್ ಇದಕ್ಕೆ ತದ್ವಿರುದ್ಧ. ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಚಾಚಿ, ಕೆಳಗಿಳಿದು, ಮತ್ತೆ ಹಿಂದಕ್ಕೆ ಸುತ್ತುತ್ತದೆ. ಅದನ್ನು ಹಳೆಯ ಸೈಕಲ್ಲಿಗೆ ಹಾಕಬೇಕೆಂಬ ಆಸೆ ಎಳೆಯರಿಗೆ ಸಹಜ. ಆದರೆ ಆ ಸೈಕಲ್ಲು ಅದಕ್ಕೆ ಒಗ್ಗುತ್ತಿರಲಿಲ್ಲ. ಕಾರಣ ರಾಡ್ ಬ್ರೇಕ್. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೇ ಕೂಡಿಕೊಂಡಿರುತ್ತದೆ. ಅಲ್ಲಿಂದ ಕಬ್ಬಿಣದ ಸರಳುಗಳು ಗಾಲಿಯವರೆಗೆ ಇಳಿದು, ಬ್ರೇಕ್ ಶೂಗಳನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತುತ್ತವೆ. ಹ್ಯಾಂಡಲ್ ಬಿಚ್ಚಿದರೆ ಬ್ರೇಕೂ ಹೋಯಿತು. ವೈರ್ ಬ್ರೇಕ್ ಹಾಕೋಣವೆಂದರೆ ಅದು ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುವಂಥದ್ದು. ರಾಡ್ ಬ್ರೇಕಿನ ರಿಮ್ಮಿಗೋ ಪಕ್ಕಗಳು ದುಂಡಗಿದ್ದು ಸರಿಯಾದ ಹಿಡಿತ ಸಿಗದು. ಹಾಗಾಗಿ ರಿಮ್ಮೂ ಬದಲಾಗಬೇಕು, ಕಡ್ಡಿ ಬಿಗಿದು ಹೊಸ ಗಾಲಿಯನ್ನೇ ಕಟ್ಟಬೇಕು. ಹ್ಯಾಂಡಲ್ಲಿನಿಂದ ಹೊರಟ ಕೆಲಸ ಗಾಲಿಯವರೆಗೆ ಹೋಗಿ ನಿಲ್ಲುತ್ತಿತ್ತು.

1990ರ ದಶಕದ ಹೊತ್ತಿಗೆ ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್‌ನಂಥವು ಬಂದು ಹುಡುಗರ ಮನಸ್ಸು ಕದ್ದವು. 26 ಇಂಚಿನ ಗಾಲಿ, ಗುಬುಟಿನ ದಪ್ಪ ಟೈರು, ನೇರ ಹ್ಯಾಂಡಲ್, ವೈರ್ ಬ್ರೇಕ್. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ, ಮುಂದೆ ಬುಟ್ಟಿಯಿದ್ದ ಆ ಸೈಕಲ್ಲುಗಳು ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ತೆರೆದವು. ಈ ಸೀಮೆಯ ಸೈಕಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ.

ಹುಡುಗರು ಮೆಚ್ಚಿದ ಆ ಎಂಟಿಬಿ, ಅಂದರೆ ಮೌಂಟನ್ ಬೈಕ್, ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಗುಡ್ಡಗಳಲ್ಲಿ, 1970ರ ದಶಕದಲ್ಲಿ. ವಿಶೇಷವೆಂದರೆ ಅದಕ್ಕೆ ಟಗರುಕೊಂಬಿನಂತೆ ಬಾಗಿದ ಹ್ಯಾಂಡಲ್ ಹಾಕುವ ಯೋಚನೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಅಲ್ಲಿನ ಚಾರ್ಲಿ ಕನಿಂಗ್‌ಹ್ಯಾಮ್ ತಾವು ಕಟ್ಟಿದ ಅಲ್ಯುಮಿನಿಯಂ ಸೈಕಲ್ಲುಗಳಿಗೆ ಮೊದಮೊದಲೇ ಅದನ್ನು ಹಾಕಿದರು. 1990ರಲ್ಲಿ ಜಾನ್ ಟೊಮ್ಯಾಕ್ ಕಾಡುದಾರಿಯ ರೇಸುಗಳಲ್ಲೂ ಬಾಗಿದ ಹ್ಯಾಂಡಲ್ ಹಿಡಿದು ಓಡಿಸಿದರು. ಅವರು ಡಾಂಬರು ರಸ್ತೆಯ ರೇಸಿಗೂ ಇಳಿಯುತ್ತಿದ್ದರು. ಎರಡೂ ಕಡೆ ಮೈ ಒಂದೇ ಭಂಗಿಗೆ ಒಗ್ಗಿರಲಿ ಎಂಬುದು ಅವರ ಲೆಕ್ಕ.

ಇವತ್ತು ಮನೆಯ ಮೂಲೆಯಲ್ಲಿ ನಿಂತ ಎಂಟಿಬಿಗೆ ಆ ಹ್ಯಾಂಡಲ್ ಹಾಕಲು ಹೊರಟವರಿಗೂ ಮೊದಲು ಅಡ್ಡ ಬರುವುದು ಬ್ರೇಕೇ. ನೇರ ಹ್ಯಾಂಡಲ್ಲಿನ ಲಿವರ್ 22.2 ಮಿಲಿಮೀಟರ್ ಪೈಪಿಗೆ ಮಾಡಿದ್ದು. ಬಾಗಿದ ಹ್ಯಾಂಡಲ್ಲಿನಲ್ಲಿ ಲಿವರ್ ಕೂರುವ ಜಾಗ 23.8. ಹಳೆಯ ಲಿವರ್ ಅಲ್ಲಿ ಹಿಡಿಸದು. ರೇಸ್ ಸೈಕಲ್ಲಿನ ಲಿವರ್ ತಂದು ಹಾಕಿದರೆ ಇನ್ನೊಂದು ತೊಡಕು. ಎರಡು ಉದ್ದ ತೋಳುಗಳಿಂದ ರಿಮ್ಮನ್ನು ಹಿಡಿಯುವ ಎಂಟಿಬಿಯ ವಿ-ಬ್ರೇಕಿಗೆ, ರೇಸ್ ಸೈಕಲ್ಲಿನ ಬ್ರೇಕಿಗಿಂತ ವೈರನ್ನು ಹೆಚ್ಚುಕಡಿಮೆ ಎರಡು ಪಟ್ಟು ಉದ್ದ ಎಳೆಯಬೇಕು. ಈ ಲಿವರ್ ಅಷ್ಟು ಎಳೆಯುವುದಿಲ್ಲ. ಹಿಡಿ ಹ್ಯಾಂಡಲ್ಲಿಗೆ ತಾಗಿದರೂ ಗಾಲಿ ನಿಲ್ಲದು. ಚನ್ನರಾಯನದುರ್ಗದ ಕಡೆಯ ಇಳಿಜಾರಿನಲ್ಲಿ ಹಾಗಾದರೆ ಜೀವಕ್ಕೇ ಕುತ್ತು. ದಾರಿ ಎರಡು: ಉದ್ದ ಎಳೆಯಲೆಂದೇ ಮಾಡಿದ ಟೆಕ್ಟ್ರೋ ಆರ್‌ಎಲ್520ನಂಥ ಲಿವರ್, ಇಲ್ಲವೇ ತೋಳು ಗಿಡ್ಡವಾದ ಮಿನಿ ವಿ-ಬ್ರೇಕ್.

ಗಿಯರಿನ ವಿಷಯದಲ್ಲಿ ಅದೃಷ್ಟ ತುಸು ಚೆನ್ನಾಗಿದೆ. ಶಿಮಾನೋದಲ್ಲಿ ಹಿಂದೆ ಒಂಬತ್ತು ಹಲ್ಲುಚಕ್ರಗಳವರೆಗೆ ರೇಸ್ ಸೈಕಲ್ಲಿನ ಗಿಯರ್ ಲಿವರ್‌ಗೂ, ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಎಂಟಿಬಿಯ ಹಿಂದಿನ ಡಿರೇಲರ್‌ಗೂ ಹೊಂದಿಕೆಯಾಗುತ್ತದೆ. ಹತ್ತರಿಂದ ಲೆಕ್ಕ ತಪ್ಪುತ್ತದೆ. ಮುಂದಿನ ಡಿರೇಲರ್ ಮೊದಲಿನಿಂದಲೂ ಬೇರೆ ಅಳತೆಯದು. ಆದ್ದರಿಂದ ಮುಂದೆ ಒಂದೇ ಚಕ್ರ ಉಳಿಸಿಕೊಳ್ಳುವುದು ಸುಲಭದ ಉಪಾಯ. ಎಂಟಿಬಿಯ ಮೇಲಿನ ಪೈಪು ಉದ್ದ, ಬಾಗಿದ ಹ್ಯಾಂಡಲ್ ಇನ್ನೂ ಮುಂದಕ್ಕೆ ಚಾಚುವಂಥದ್ದು. ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ ಗಿಡ್ಡದಾಗದಿದ್ದರೆ ಬೆನ್ನು ನೋಯುತ್ತದೆ.

ಇಷ್ಟು ಒದ್ದಾಡಿ ಸಿಗುವುದೇನು ಎಂಬುದಕ್ಕೆ ಈ ಸೀಮೆಯ ರಸ್ತೆಗಳೇ ಉತ್ತರ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಫಲಕಗಳು ಹರಡಿವೆ. ನೆರಳು ಕಡಿಮೆ, ಬಯಲೇ ಬಯಲು. ಆಷಾಢದಲ್ಲಿ ಪಡುವಣ ಗಾಳಿ ಎದುರಾದಾಗ ನೇರ ಹ್ಯಾಂಡಲ್ಲಿನವರು ಎದೆಯೊಡ್ಡಿ ತುಳಿಯಬೇಕು. ಬಾಗಿದ ಹ್ಯಾಂಡಲ್ಲಿನವರು ಕೊಂಬಿನ ಕೆಳತುದಿ ಹಿಡಿದು ಗಾಳಿಯ ಅಡಿಗೆ ಬಗ್ಗಬಹುದು, ಕೈ ಸೋತಾಗ ಹಿಡಿತ ಮೇಲಕ್ಕೆ ಬದಲಿಸಬಹುದು. ಮಣ್ಣುದಾರಿ ಬಂದರೆ ಎಂಟಿಬಿಯ ದಪ್ಪ ಟೈರು ಹೇಗೂ ಇದೆ.

ಎಲ್ಲ ಮುಗಿದ ಮೇಲೆ ಹ್ಯಾಂಡಲ್ಲಿಗೆ ಟೇಪು ಸುತ್ತುವ ಕೆಲಸ. ಕೊಂಬಿನ ಕೆಳತುದಿಯಿಂದ ಶುರುಮಾಡಿ, ಪ್ರತಿ ಸುತ್ತೂ ಹಿಂದಿನದರ ಅಂಚನ್ನು ಮುಚ್ಚುವಂತೆ ಎಳೆದು ಸುತ್ತುತ್ತಾ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಅಂಗೈ ಒತ್ತಿ ಒತ್ತಿ ಕೆಲವೇ ದಿನಗಳಲ್ಲಿ ಅಂಚು ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ.