ಜೀನು ಆಳಿನದು, ಕುದುರೆ ಒಡೆಯನದು: ಟೆಕ್ಸಾಸ್ ಪ್ಯಾನ್‌ಹ್ಯಾಂಡಲ್‌ನಲ್ಲಿ ಕೌಬಾಯ್ ದುಡಿಮೆ, 1874–1888

ಬೆಳ್ಳಿತೆರೆಯ ಕೌಬಾಯ್ ತನ್ನ ಕುದುರೆಯೇರಿ ಮನಬಂದತ್ತ ಹೊರಟುಬಿಡುತ್ತಾನೆ. ಟೆಕ್ಸಾಸಿನ ಉತ್ತರದ ತುದಿಯಲ್ಲಿರುವ ಪ್ಯಾನ್‌ಹ್ಯಾಂಡಲ್ ಸೀಮೆಯ ಚರಿತ್ರೆ ಈ ಚಿತ್ರವನ್ನು ಒಪ್ಪುವುದಿಲ್ಲ. ಅಲ್ಲಿ ದುಡಿದ ಬಹುಪಾಲು ಕೌಬಾಯ್‌ಗಳಿಗೆ ಜೀನು ಸ್ವಂತದ್ದು, ಏರುವ ಕುದುರೆ ದನಸಾಕಣೆಯ ರ‍್ಯಾಂಚಿನ ಒಡೆಯನದು. ಕುದುರೆ ಯಾರದೆಂಬ ಪ್ರಶ್ನೆಯನ್ನು ಬದಿಗಿಟ್ಟರೆ ಆ ಸೀಮೆಯ ಈ ಹದಿನೈದು ವರ್ಷಗಳು ಅರ್ಥವಾಗವು ಎಂಬುದು ನನ್ನ ವಾದ.

1874ರ ಸೆಪ್ಟೆಂಬರ್ 28ರಂದು ಅಮೆರಿಕದ ಸೇನೆಯ ಕರ್ನಲ್ ಮೆಕೆಂಜಿಯ ಅಶ್ವದಳ ಪಾಲೊ ಡ್ಯುರೊ ಕಣಿವೆಯಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೊವಾ, ಷಾಯೆನ್ ಎಂಬ ಮೂಲನಿವಾಸಿ ಜನರ ಮೇಲೆ ಎರಗಿತು. ಆ ದಾಳಿಯಲ್ಲಿ ಸತ್ತ ಮನುಷ್ಯರು ಬೆರಳೆಣಿಕೆಯಷ್ಟು. ಕೈವಶವಾದ ಕುದುರೆಗಳಲ್ಲಿ ಒಳ್ಳೆಯವನ್ನು ಆರಿಸಿಕೊಂಡು, ಉಳಿದ ಸಾವಿರಕ್ಕೂ ಹೆಚ್ಚನ್ನು ಸೈನಿಕರು ಟೂಲಿ ಕಣಿವೆಯಲ್ಲಿ ಗುಂಡಿಕ್ಕಿ ಕೊಂದರು. ಬೇಟೆ, ವಲಸೆ, ವ್ಯಾಪಾರ, ಕಾಳಗಗಳೆಲ್ಲ ಕುದುರೆಯ ಬೆನ್ನ ಮೇಲೆಯೇ ನಡೆಯುತ್ತಿದ್ದ ಜನಕ್ಕೆ ಅಲ್ಲಿಗೆ ದಾರಿ ಮುಗಿಯಿತು. ಮರುವರ್ಷ ಕೊಮಾಂಚಿ ನಾಯಕ ಕ್ವಾನಾ ಪಾರ್ಕರ್ ಶರಣಾದ. 1876ರಲ್ಲಿ ದನಗಳ ಒಡೆಯ ಚಾರ್ಲ್ಸ್ ಗುಡ್‌ನೈಟ್ ಅದೇ ಪಾಲೊ ಡ್ಯುರೊಗೆ ದನಗಳನ್ನು ಹೊಡೆದುಕೊಂಡು ಬಂದ. ಕೌಬಾಯ್ ಕಥೆಯನ್ನು ಗುಡ್‌ನೈಟ್‌ನಿಂದಲೇ ಆರಂಭಿಸುವವರು ಟೂಲಿಯ ಎಲುಬುಗಳನ್ನು ದಾಟಿಕೊಂಡು ಹೋಗುತ್ತಾರೆ. ಇದು ಸಣ್ಣ ಲೋಪವಲ್ಲ.

ಇಂಥ ಒಡೆಯರ ದನ ಕಾಯುವ ಒಬ್ಬ ಆಳಿಗೆ ಒಂದೇ ಕುದುರೆ ಸಾಲುತ್ತಿರಲಿಲ್ಲ. ಎರಡು ಮೂರು ಸಾವಿರ ದನಗಳನ್ನು ದೂರ ಸಾಗಿಸುವ ಹತ್ತು ಹನ್ನೆರಡು ಮಂದಿಯ ತಂಡದಲ್ಲಿ ತಲೆಗೆ ಆರರಿಂದ ಹತ್ತು ಕುದುರೆ ಇರುತ್ತಿದ್ದವು. ಹೊಳೆ ದಾಟಲು ಈಜುಬಲ್ಲದ್ದು ಬೇಕು. ಹಿಂಡಿನಿಂದ ಒಂದು ದನವನ್ನು ಬಿಡಿಸಿ ತರಲು ಚುರುಕಿನದು ಬೇಕು. ರಾತ್ರಿಯ ಕಾವಲಿಗೆ ಕತ್ತಲಲ್ಲಿ ಎಡವದ, ಬೆದರದ ಕುದುರೆಯೇ ಆಗಬೇಕು. ಈ ಬದಲಿ ಕುದುರೆಗಳ ಹಿಂಡಿಗೆ ರೆಮುಡಾ ಎಂದು ಹೆಸರು. ಪದ ಸ್ಪ್ಯಾನಿಷ್. ಲ್ಯಾರಿಯಟ್, ರ‍್ಯಾಂಚ್, ಮಸ್ಟ್ಯಾಂಗ್ ಕೂಡ ಆ ಮೂಲದವೇ. ಪದಗಳ ಜೊತೆಗೆ ಕಸುಬೂ ಮೆಕ್ಸಿಕೊದ ವಾಕೆರೊ ಎಂಬ ದನಗಾಹಿಗಳಿಂದ ಬಂದದ್ದು. ಇಷ್ಟು ಕುದುರೆಗಳನ್ನು ಸಾಕುವುದು ತಿಂಗಳಿಗೆ 25ರಿಂದ 40 ಡಾಲರ್ ದುಡಿಯುವವನ ಅಳವಿಗೆ ಮೀರಿದ್ದು. ಕೆಲಸ ಬಿಟ್ಟವನಿಗೆ ಉಳಿಯುತ್ತಿದ್ದುದು ಹೆಗಲ ಮೇಲಿನ ಜೀನು.

ಆದರೂ ಮೊದಲ ವರ್ಷಗಳಲ್ಲಿ ಅವನಿಗೊಂದು ಆಸೆಯ ಎಳೆ ಇತ್ತು. ಕೂಲಿಯ ಒಂದು ಪಾಲನ್ನು ಕರುಗಳ ರೂಪದಲ್ಲಿ ಪಡೆದು, ಬಯಲಲ್ಲಿ ತನ್ನದೇ ಸಣ್ಣ ಹಿಂಡು ಕಟ್ಟಬಹುದಿತ್ತು. ದೂರದ ಬಂಡವಾಳದಿಂದ ಬಂದ ಹೊಸ ಒಡೆಯರು ಅದನ್ನು ತಡೆದರು. 1883ರ ವಸಂತದಲ್ಲಿ ಟಾಸ್ಕೋಸಾ ಊರಿನ ಸುತ್ತಲಿನ ಎಲ್‌ಎಸ್, ಎಲ್‌ಐಟಿ, ಟಿ ಆ್ಯಂಕರ್ ರ‍್ಯಾಂಚುಗಳ ಕೌಬಾಯ್‌ಗಳು ತಿಂಗಳಿಗೆ 50 ಡಾಲರ್ ಕೇಳಿ ಮುಷ್ಕರ ಹೂಡಿದರು. ಬೇಡಿಕೆಯ ಪತ್ರಕ್ಕೆ ಸಹಿ ಹಾಕಿದವರು 24 ಮಂದಿ. ಪತ್ರದಲ್ಲಿ ಕೂಲಿಯ ಮಾತಷ್ಟೇ ಇದ್ದರೂ, ಅದರ ಹಿಂದೆ ಸ್ವಂತ ಹಿಂಡಿನ ಹಕ್ಕು ಕಳೆದುಕೊಂಡ ನೋವಿತ್ತೆಂದು ನಾನು ಓದುತ್ತೇನೆ. ದನ ಒಟ್ಟುಗೂಡಿಸುವ ಹಂಗಾಮಿಗೆ ಒಡೆಯರು ಬೇರೆ ಆಳುಗಳನ್ನು ತಂದರು, ಮುಷ್ಕರ ಸೋತಿತು.

1885ರಲ್ಲಿ ಅದೇ ಸೀಮೆಯಲ್ಲಿ ಎಕ್ಸ್‌ಐಟಿ ರ‍್ಯಾಂಚ್ ಆರಂಭವಾಯಿತು. ಅದರ ವಿಸ್ತಾರ 30 ಲಕ್ಷ ಎಕರೆ. ಅಲ್ಲಿನ 1888ರ ನಿಯಮಾವಳಿಯಂತೆ ನೌಕರನು ರ‍್ಯಾಂಚಿನಲ್ಲಿ ಸ್ವಂತ ದನಗಳನ್ನಾಗಲಿ ತಳಿಕುದುರೆಗಳನ್ನಾಗಲಿ ಹೊಂದುವಂತಿರಲಿಲ್ಲ. ಕಂಪನಿಯ ಕುದುರೆಯ ತಲೆಗೆ ಹೊಡೆದವನನ್ನು ಕೆಲಸದಿಂದ ತೆಗೆಯಲಾಗುತ್ತಿತ್ತು.